ಆರು ಸಾವಿರ ಲೋಕಗಳು, ತುಂಬದ ಒಂದು ಸಾಲು

2025ರ ಅಕ್ಟೋಬರ್ ಮೊದಲ ವಾರ ಮಲೆನಾಡಿನ ಊರುಗಳಲ್ಲಿ ಭೂಮಿ ಹುಣ್ಣಿಮೆಯ ಸಡಗರವಿತ್ತು. ಹೊಡೆ ತುಂಬಿದ ಭತ್ತದ ಗದ್ದೆ ಬಸುರಿ. ಬಸುರಿಯ ಬಯಕೆ ತೀರಿಸಬೇಕು. ರಾತ್ರಿಯೆಲ್ಲ ಅಡುಗೆ ಮಾಡಿ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿಟ್ಟು, ನಸುಕಿಗೇ ಹೊತ್ತು ಹೋಗಿ ನೆಲಕ್ಕೆ ಉಣಬಡಿಸುವ ಹಬ್ಬ ಅದು. ಅದೇ ವಾರ, ಅಕ್ಟೋಬರ್ 6ಕ್ಕೆ, ಖಗೋಳ ವಿಜ್ಞಾನದ ಒಂದು ಸುದ್ದಿಗೆ ಮೂವತ್ತು ವರ್ಷ ತುಂಬಿತು. 1995ರ ಆ ದಿನ ಇಟಲಿಯ ಫ್ಲಾರೆನ್ಸಿನ ಸಮ್ಮೇಳನದಲ್ಲಿ ಜಿನೀವಾದ ಮಿಶೆಲ್ ಮೇಯರ್ ಎದ್ದು ನಿಂತು, ತಾವೂ ತಮ್ಮ ವಿದ್ಯಾರ್ಥಿ ದಿದಿಯೆ ಕೆಲೋ ಅವರೂ ಸೂರ್ಯನಂಥದೇ ಇನ್ನೊಂದು ನಕ್ಷತ್ರದ ಸುತ್ತ ಗ್ರಹವೊಂದನ್ನು ಕಂಡಿದ್ದೇವೆ ಎಂದಿದ್ದರು.

ಎರಡನ್ನೂ ಒಂದೇ ವಾರಕ್ಕೆ ತಂದದ್ದು ಪಂಚಾಂಗ, ಅಷ್ಟೆ. ಆದರೆ ನೆಲ ಬಸುರಾಗುತ್ತದೆ ಎಂಬುದನ್ನು ನಾವು ಎಷ್ಟು ಸಲೀಸಾಗಿ ನಂಬಿ ಕೂತಿದ್ದೇವೆ, ಅದು ಎಷ್ಟು ಕಡೆ ಆಗದೆ ಹೋಗಿದೆ ಎಂಬ ಲೆಕ್ಕ ಈ ಮೂವತ್ತು ವರ್ಷಗಳಲ್ಲಿ ಸಿಕ್ಕಿದೆ. 2025ರ ಸೆಪ್ಟೆಂಬರಿನಲ್ಲಿ ನಾಸಾದ ಪಟ್ಟಿಯಲ್ಲಿ ಖಚಿತಗೊಂಡ ಅನ್ಯಗ್ರಹಗಳ ಸಂಖ್ಯೆ 6,000 ದಾಟಿತು. ಜೀವವಿದೆ ಎಂದು ನಾವು ಬಲ್ಲ ಗ್ರಹಗಳ ಸಂಖ್ಯೆ ಮಾತ್ರ 1995ರಲ್ಲಿ ಎಷ್ಟಿತ್ತೋ ಅಷ್ಟೇ ಇದೆ. ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಒಮ್ಮೆ ಕೂತು ನೋಡುವುದಕ್ಕೆ ಇದು ಸಕಾಲ.

ಮೊದಲು ಹೋದದ್ದರ ಲೆಕ್ಕ. ನಮ್ಮಲ್ಲಿ ಒಂದು ಚೆಂದದ ಸಿದ್ಧಾಂತವಿತ್ತು. ತಿರುಗುವ ಮೋಡವೊಂದು ಕುಸಿದು ನಡುವೆ ಸೂರ್ಯನೂ ಸುತ್ತಲಿನ ತಟ್ಟೆಯಲ್ಲಿ ಗ್ರಹಗಳೂ ಹುಟ್ಟಿದವು ಎಂದು 1755ರಲ್ಲಿ ಕಾಂಟ್, 1796ರಲ್ಲಿ ಲಾಪ್ಲಾಸ್ ಹೇಳಿದ್ದರು. 1969ರಲ್ಲಿ ಸೋವಿಯತ್ ವಿಜ್ಞಾನಿ ವಿಕ್ಟರ್ ಸಫ್ರೊನೊವ್ ಅದಕ್ಕೆ ಗಣಿತದ ಮೈ ಕೊಟ್ಟರು: ದೂಳು ಕೂಡಿ ಕಲ್ಲು, ಕಲ್ಲು ಕೂಡಿ ಬೆಟ್ಟ, ಬೆಟ್ಟ ಕೂಡಿ ಗ್ರಹ. ಸೂರ್ಯನ ಹತ್ತಿರ ಬಿಸಿ, ಅಲ್ಲಿ ಕಲ್ಲು ಲೋಹಗಳ ಪುಟ್ಟ ಗ್ರಹಗಳು. ದೂರದಲ್ಲಿ ತಂಪು, ಅಲ್ಲಿ ಹಿಮವೂ ಸೇರಿ ಗುರು ಶನಿಗಳಂಥ ದೈತ್ಯರು. ಬುಧನಿಂದ ನೆಪ್ಚೂನಿನವರೆಗೆ ಎಲ್ಲವೂ ಅಳತೆಗೆ ಸರಿಯಾಗಿ ಕೂರುತ್ತಿತ್ತು. ಕೂರದೆ ಏನು, ಒಬ್ಬನ ಮೈಯಳತೆ ತೆಗೆದು ಹೊಲಿದ ಅಂಗಿ ಅದು. ಊರಿಗೆಲ್ಲ ಅದೇ ಅಳತೆ ಎಂದುಕೊಂಡದ್ದು ತಪ್ಪಾಯಿತು.

ಮೇಯರ್ ಮತ್ತು ಕೆಲೋ ಕಂಡ ಗ್ರಹ ಪೆಗಾಸಸ್ ಪುಂಜದ 51ನೇ ನಕ್ಷತ್ರದ್ದು, ಐವತ್ತು ಜ್ಯೋತಿರ್ವರ್ಷ ದೂರ. ತೂಕ ಗುರುವಿನ ಅರ್ಧದಷ್ಟು. ತನ್ನ ನಕ್ಷತ್ರವನ್ನು ಸುತ್ತಲು ಅದು ತೆಗೆದುಕೊಳ್ಳುವುದು ನಾಲ್ಕು ದಿನ ಚಿಲ್ಲರೆ. ನಮ್ಮ ಬುಧನಿಗೇ 88 ದಿನ ಬೇಕು. ಅಂಥ ದೈತ್ಯ ಅಷ್ಟು ಹತ್ತಿರದಲ್ಲಿ ಹುಟ್ಟಲು ಸಾಧ್ಯವೇ ಇರಲಿಲ್ಲ, ಆದರೂ ಅಲ್ಲಿತ್ತು. ಇದನ್ನು ಯಾರೂ ಊಹಿಸಿರಲಿಲ್ಲ ಎನ್ನುವಂತೆಯೂ ಇಲ್ಲ. 1952ರಲ್ಲೇ ಓಟ್ಟೊ ಸ್ಟ್ರೂವ ಒಂದು ಪುಟ್ಟ ಟಿಪ್ಪಣಿ ಬರೆದು, ಗುರುವಿನಂಥ ಗ್ರಹ ನಕ್ಷತ್ರಕ್ಕೆ ಅಂಟಿಕೊಂಡಂತೆ ಒಂದೇ ದಿನದಲ್ಲಿ ಸುತ್ತುತ್ತಿರಬಾರದೇಕೆ, ಹಾಗಿದ್ದರೆ ಅದರ ಎಳೆತಕ್ಕೆ ನಕ್ಷತ್ರ ಓಲಾಡುವುದನ್ನು ಇಂದಿನ ಉಪಕರಣಗಳಲ್ಲೇ ಅಳೆಯಬಹುದಲ್ಲ ಎಂದು ಕೇಳಿದ್ದರು. ನಲವತ್ತು ವರ್ಷ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಮೆರಿಕದ ಜೆಫ್ ಮಾರ್ಸಿ ಮತ್ತು ಪಾಲ್ ಬಟ್ಲರ್ ವರ್ಷಗಟ್ಟಲೆ ನಕ್ಷತ್ರಗಳ ಓಲಾಟ ಅಳೆದು ರಾಶಿ ಹಾಕಿದ್ದರು. ಗ್ರಹವೊಂದು ಸುತ್ತು ಹಾಕಲು ವರ್ಷಗಳೇ ಬೇಕು, ಅವಸರವೇನು ಎಂದುಕೊಂಡಿದ್ದರು. ಫ್ಲಾರೆನ್ಸಿನ ಸುದ್ದಿ ಕೇಳಿದ ಮೇಲೆ ಹಳೆಯ ಕಡತ ಬಿಚ್ಚಿದರೆ ಒಳಗೆ ಗ್ರಹಗಳು ಕೂತಿದ್ದವು. ಮೇಯರ್ ಮತ್ತು ಕೆಲೋ 2019ರಲ್ಲಿ ನೊಬೆಲ್ ಹಂಚಿಕೊಂಡರು.

ಈ ಕತೆಯಲ್ಲಿ ನಮಗೆ ಹೆಚ್ಚು ಇಷ್ಟವಾದ ಪುಟ ಅದಕ್ಕೂ ಹಿಂದಿನದು. 1991ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ಲೈನ್ ಮತ್ತು ಸಂಗಡಿಗರು ಪಲ್ಸಾರ್ ಎಂಬ ಸತ್ತ ನಕ್ಷತ್ರವೊಂದರ ಸುತ್ತ ಆರು ತಿಂಗಳಿಗೊಮ್ಮೆ ಸುತ್ತುವ ಗ್ರಹವಿದೆ ಎಂದು ಪ್ರಕಟಿಸಿದರು. 1992ರ ಜನವರಿಯಲ್ಲಿ ಅಟ್ಲಾಂಟಾದ ಸಭೆಗೆ ಹೊರಡುವ ಮುನ್ನ ಲೆಕ್ಕದ ಎಡವಟ್ಟು ಅವರಿಗೇ ಗೊತ್ತಾಯಿತು. ಭೂಮಿಯ ಕಕ್ಷೆ ಸ್ವಲ್ಪ ಮೊಟ್ಟೆಯಾಕಾರ ಎಂಬುದನ್ನು ಸರಿಯಾಗಿ ಕಳೆದಿರಲಿಲ್ಲ. ಅವರು ಅಲ್ಲಿ ಕಂಡದ್ದು ನಮ್ಮದೇ ಓಡಾಟದ ನೆರಳು. ಲೈನ್ ಸಭೆಗೆ ಹೋದರು, ವೇದಿಕೆ ಹತ್ತಿದರು, ಗ್ರಹವಿಲ್ಲ, ತಪ್ಪು ನಮ್ಮದು ಎಂದರು. ಸಭೆ ಚಪ್ಪಾಳೆ ತಟ್ಟಿತು. ಅವರ ನಂತರ ಮಾತಾಡಿದ ಅಲೆಕ್ಸಾಂಡರ್ ವೋಲ್ಷನ್ ಇನ್ನೊಂದು ಪಲ್ಸಾರಿನ ಸುತ್ತ ಕಂಡ ಎರಡು ಗ್ರಹಗಳ ವಿವರ ಕೊಟ್ಟರು. ಅವು ಇಂದಿಗೂ ನಿಂತಿವೆ. ಸತ್ತ ನಕ್ಷತ್ರದ ಸುತ್ತಲಿನವು ಎಂಬ ಕಾರಣಕ್ಕೆ ಅವುಗಳಿಗೆ ಸಿಗಬೇಕಾದ ಮರ್ಯಾದೆ ಸಿಗಲಿಲ್ಲ, ಇರಲಿ.

ಇನ್ನು ಬಂದದ್ದು. ಗ್ರಹ ಹುಟ್ಟುವ ಬಗೆಯನ್ನು ಈಗ ನಾವು ಊಹಿಸಿಕೊಳ್ಳಬೇಕಿಲ್ಲ, ನೋಡಬಹುದು. 2014ರ ನವೆಂಬರಿನಲ್ಲಿ ಚಿಲಿಯ ಅಟಕಾಮ ಮರುಭೂಮಿಯ ಆಲ್ಮಾ ದೂರದರ್ಶಕ ಎಚ್‌ಎಲ್ ಟೌರಿ ಎಂಬ ಎಳೆಯ ನಕ್ಷತ್ರದ ಚಿತ್ರ ಕೊಟ್ಟಿತು. ಅದರ ವಯಸ್ಸು ಹತ್ತು ಲಕ್ಷ ವರ್ಷವೂ ಇರಲಾರದು. ನಕ್ಷತ್ರದ ಮಟ್ಟಿಗೆ ಅದು ಬಾಣಂತಿ ಕೋಣೆಯ ಕೂಸು. ಅಷ್ಟರಲ್ಲೇ ಸುತ್ತಲಿನ ತಟ್ಟೆಯಲ್ಲಿ ಬಳೆಗಳಂತೆ ಉಂಗುರ, ಉಂಗುರಗಳ ನಡುವೆ ಕಪ್ಪು ಸಂದು. ಸಂದುಗಳಲ್ಲಿ ಯಾರೋ ಓಡಾಡಿ ಗುಡಿಸಿರಬೇಕು ಎಂದು ಹಲವರ ಅನುಮಾನ. 2018ರಲ್ಲಿ ಪಿಡಿಎಸ್ 70 ಎಂಬ ನಕ್ಷತ್ರದ ತಟ್ಟೆಯ ಸಂದಿನಲ್ಲಿ ಗುಡಿಸುತ್ತಿರುವ ಗ್ರಹವೇ ಸಿಕ್ಕಿಬಿತ್ತು.

ದೂಳು ಉಂಡೆಗಟ್ಟುವುದು ಕಷ್ಟವಲ್ಲ. ನಾಲ್ಕು ದಿನ ಗುಡಿಸದ ಮಂಚದಡಿ ನೋಡಿದವರಿಗೆ ಗೊತ್ತು. ಕಷ್ಟ ಶುರುವಾಗುವುದು ಉಂಡೆ ಗುಂಡುಕಲ್ಲಿನಷ್ಟಾದಾಗ. ತಟ್ಟೆಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಅನಿಲ, ದೂಳು ಒಂದೇ ಪಾಲು. ಅನಿಲಕ್ಕೆ ಒಳಗಿನ ಒತ್ತಡದ ಆಸರೆ ಇರುವುದರಿಂದ ಅದು ನಕ್ಷತ್ರವನ್ನು ಕಲ್ಲಿಗಿಂತ ತುಸು ನಿಧಾನವಾಗಿ ಸುತ್ತುತ್ತದೆ. ಹಾಗಾಗಿ ಕಲ್ಲಿಗೆ ಸದಾ ಎದುರುಗಾಳಿ. ವೇಗ ಕಳೆದುಕೊಂಡ ಕಲ್ಲು ಒಳಕ್ಕೆ ಜಾರುತ್ತದೆ. ಭೂಮಿಯಿರುವ ದೂರದಲ್ಲಿ ಒಂದು ಮೀಟರಿನ ಬಂಡೆ ನೂರು ವರ್ಷದ ಆಸುಪಾಸಿನಲ್ಲೇ ನಕ್ಷತ್ರದ ಬಾಯಿಗೆ ಬೀಳಬೇಕು. ಅಂದರೆ ಗ್ರಹಗಳೇ ಹುಟ್ಟಬಾರದಿತ್ತು. ಈ ಗಂಟನ್ನು ಬಿಡಿಸುವ ದಾರಿ 2005ರಲ್ಲಿ ಆಂಡ್ರ್ಯೂ ಯೂಡಿನ್ ಮತ್ತು ಜೆರೆಮಿ ಗುಡ್‌ಮನ್ ಅವರ ಲೆಕ್ಕದಲ್ಲಿ ಕಂಡಿತು. ಎದುರುಗಾಳಿಗೆ ಸೈಕಲ್ ತುಳಿಯುವವರು ಒಬ್ಬರ ಹಿಂದೊಬ್ಬರು ಸೇರಿಕೊಳ್ಳುವುದಿಲ್ಲವೇ? ಕಲ್ಲುಗಳೂ ಹಾಗೇ ಸಾಲುಗಟ್ಟುತ್ತವೆ, ಸಾಲು ದಟ್ಟವಾದಷ್ಟೂ ಗಾಳಿಯ ಹೊಡೆತ ಕಡಿಮೆ, ಹಿಂದಿನವು ಬಂದು ಇನ್ನೂ ಕೂಡಿಕೊಳ್ಳುತ್ತವೆ. ಕೊನೆಗೆ ತನ್ನ ಭಾರಕ್ಕೆ ತಾನೇ ಕುಸಿದ ಸಾಲು ಬೆಟ್ಟದಂಥ ಪಿಂಡವಾಗುತ್ತದೆ. ಹೀಗೆ ಮೃದುವಾಗಿ ಕೂಡಿದವುಗಳ ಒಂದು ಮಾದರಿ 2019ರ ಹೊಸ ವರ್ಷದ ದಿನ ನ್ಯೂ ಹೊರೈಸನ್ಸ್ ನೌಕೆಗೆ ಎದುರಾಯಿತು. ಪ್ಲೂಟೊದಾಚೆಯ ಅರೊಕಾತ್ ಎರಡು ಉಂಡೆ ಮೆಲ್ಲಗೆ ಅಂಟಿಕೊಂಡ ಆಕಾರದಲ್ಲಿದೆ, ಜಜ್ಜಿದ ಗುರುತಿಲ್ಲ.

ಆಮೇಲಿನದು ಕಾಲದೊಂದಿಗೆ ಓಟ. ಅನಿಲದ ತಟ್ಟೆ ಹೆಚ್ಚೆಂದರೆ ಒಂದು ಕೋಟಿ ವರ್ಷ ಉಳಿದೀತು. ಹಿಮ ನಿಲ್ಲುವ ಗಡಿಯಾಚೆ ಕಲ್ಲಿನ ಜೊತೆ ಹಿಮವೂ ಸಿಗುವುದರಿಂದ ಗುರುವಿನ ತಿರುಳು ಹತ್ತು ಲಕ್ಷ ವರ್ಷದೊಳಗೇ ಬಲಿಯಿತು ಎಂದು ಉಲ್ಕಾಶಿಲೆಗಳ ಅಧ್ಯಯನ ಸೂಚಿಸುತ್ತದೆ. ಅನಿಲ ಹರಡಿಹೋಗುವ ಮುನ್ನ ಅದನ್ನು ಬಾಚಿ ನುಂಗಿ ಗುರು ದೈತ್ಯನಾದ. ಭೂಮಿ ಸಾವಕಾಶವಾಗಿ, ಕೋಟಿಗಟ್ಟಲೆ ವರ್ಷ ತೆಗೆದುಕೊಂಡು ಬೆಳೆಯಿತು. ಕೊನೆಯ ದೊಡ್ಡ ಡಿಕ್ಕಿಯಲ್ಲಿ ಚಂದ್ರ ಹುಟ್ಟಿದ. 1969ರಲ್ಲಿ ಮೆಕ್ಸಿಕೊದಲ್ಲಿ ಬಿದ್ದ ಅಯೆಂದೆ ಉಲ್ಕೆಯಲ್ಲಿರುವಂಥ ಬಿಳಿಯ ಕಣಗಳಿಂದ ಈ ಇಡೀ ಓಟದ ಆರಂಭದ ಹೊತ್ತು 456.7 ಕೋಟಿ ವರ್ಷ ಹಿಂದಿನದೆಂದು ಗೊತ್ತಾಗಿದೆ. ನಮ್ಮ ಮನೆತನದ ವಂಶಾವಳಿ ನಾಲ್ಕು ತಲೆ ಹಿಂದಕ್ಕೆ ಹೋದರೆ ಮಸುಕಾಗುವಾಗ ಇಷ್ಟು ಕರಾರುವಾಕ್ಕಾದ ಜನ್ಮದಿನ ಸಿಕ್ಕಿದ್ದು ಸಣ್ಣ ಮಾತಲ್ಲ.

ಹುಟ್ಟಿದ ಗ್ರಹ ಹುಟ್ಟಿದಲ್ಲೇ ಇರುವುದಿಲ್ಲ ಎಂಬುದು 51 ಪೆಗಾಸಿಯ ದೊಡ್ಡ ಪಾಠ. ಅದು ದೂರದಲ್ಲಿ ಹುಟ್ಟಿ ಒಳಕ್ಕೆ ವಲಸೆ ಬಂದಿರಬೇಕು. ನಮ್ಮ ಗುರುವೂ ಮಂಗಳನ ಕಕ್ಷೆಯವರೆಗೆ ಒಳಬಂದು, ಶನಿಯ ಎಳೆತಕ್ಕೆ ಸಿಕ್ಕಿ ಹಿಂದೆ ಸರಿದಿರಬಹುದು ಎಂಬ ವಾದವನ್ನು 2011ರಲ್ಲಿ ಕೆಲವರು ಮುಂದಿಟ್ಟರು. ಮಂಗಳ ಅಷ್ಟು ಸಣಕಲಾಗಿ ಉಳಿದದ್ದೇಕೆ ಎಂಬುದಕ್ಕೆ ಅದು ಉತ್ತರ ಕೊಡುತ್ತದೆ: ಅವನ ತಟ್ಟೆಯ ಅನ್ನವನ್ನು ಗುರು ಚೆಲ್ಲಿಬಿಟ್ಟ. ಸಾಬೀತಾಗಿದೆ ಎನ್ನುವಂತಿಲ್ಲ, ತಳ್ಳಿಹಾಕುವಂತೆಯೂ ಇಲ್ಲ.

2009ರಲ್ಲಿ ಹಾರಿದ ಕೆಪ್ಲರ್ ದೂರದರ್ಶಕದ ಬಗ್ಗೆ ಇಷ್ಟು ಸಾಕು: ಅದನ್ನು ಕನಸಿದ ವಿಲಿಯಂ ಬೊರುಕಿ ಅವರ ಅರ್ಜಿಯನ್ನು ನಾಸಾ ನಾಲ್ಕು ಸಲ ತಿರಸ್ಕರಿಸಿತ್ತು, ಐದನೆಯದು ಒಪ್ಪಿಗೆಯಾಗಿ 2,600ಕ್ಕೂ ಹೆಚ್ಚು ಗ್ರಹಗಳನ್ನು ತಂದಿತು. ಆ ರಾಶಿಯಲ್ಲಿ ಅತಿ ಹೆಚ್ಚು ಸಿಕ್ಕವು ಭೂಮಿಗಿಂತ ದೊಡ್ಡ, ನೆಪ್ಚೂನಿಗಿಂತ ಸಣ್ಣ ಗ್ರಹಗಳು. ನಮ್ಮ ಸೌರಮಂಡಲದಲ್ಲಿ ಅಂಥದ್ದು ಒಂದೂ ಇಲ್ಲ. ಊರಿನ ಮಾದರಿ ಮನೆ ಎಂದು ನಾವು ತಿಳಿದಿದ್ದ ನಮ್ಮ ಮನೆಯೇ ಊರಿನಲ್ಲಿ ವಿಚಿತ್ರದ್ದಾಗಿತ್ತು.

ಹಾಗಾದರೆ ಜೀವ? ಮೂವತ್ತು ವರ್ಷ ಹಿಂದೆ ಉತ್ತರ ಸುಲಭವಿತ್ತು. ನಕ್ಷತ್ರದಿಂದ ಹದವಾದ ದೂರ, ನೀರು ಹೆಪ್ಪುಗಟ್ಟದ, ಕುದಿದು ಹೋಗದ ಪಟ್ಟಿ. ಅದಕ್ಕೆ ವಾಸಯೋಗ್ಯ ವಲಯ ಎಂದು ಹೆಸರು. ಗ್ರಹದ ವಿಳಾಸ ಕೇಳಿದರೆ ಸಾಕು, ಸಂಬಂಧ ಕುದುರಿತು. ಹೆಣ್ಣು ಗಂಡು ನೋಡುವವರಿಗೆ ಗೊತ್ತಿರುವಂತೆ ವಿಳಾಸ ನೋಡಿ ಮಾಡಿದ ಮದುವೆಗಳೆಲ್ಲ ಸಂಸಾರವಾಗುವುದಿಲ್ಲ. ಈ ಮೂವತ್ತು ವರ್ಷಗಳಲ್ಲಿ ನಮಗೆ ದಕ್ಕಿದ ತಿಳಿವಳಿಕೆಯಲ್ಲಿ ಅತ್ಯಂತ ಬೆಲೆಬಾಳುವುದು ಇದೇ ಎಂದು ನಮ್ಮ ಎಣಿಕೆ: ಗ್ರಹ ಎಲ್ಲಿದೆ ಎನ್ನುವುದು ಮೊದಲ ಪ್ರಶ್ನೆ ಮಾತ್ರ. ಅದು ನೂರಾರು ಕೋಟಿ ವರ್ಷ ಏನನ್ನು ಉಳಿಸಿಕೊಂಡಿತು, ಏನನ್ನು ಕಳೆದುಕೊಂಡಿತು ಎಂಬುದು ಇಡೀ ಕತೆ.

ನೆರೆಮನೆಯ ಶುಕ್ರನನ್ನೇ ನೋಡಿ. ಗಾತ್ರದಲ್ಲಿ ಭೂಮಿಯ ಅವಳಿ. ಇಂದು ಅಲ್ಲಿ 460 ಡಿಗ್ರಿ ಸೆಲ್ಸಿಯಸ್ ದಾಟಿದ ಕಾವು, ನಮ್ಮ ತೊಂಬತ್ತು ಪಟ್ಟು ಗಾಳಿಯೊತ್ತಡ, ಬಹುಪಾಲು ಇಂಗಾಲದ ಡೈಆಕ್ಸೈಡ್. ಭೂಮಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇಂಗಾಲವಿದೆ. ಆದರೆ ಎಲ್ಲಿದೆ? ಕಲಬುರಗಿ ಸೀಮೆಯ ಯಾವುದೇ ಹಳೆಯ ಮನೆಯೊಳಗೆ ಹೋಗಿ ಕಾಲಡಿ ನೋಡಿ. ಶಹಾಬಾದಿ ಫರಶಿ. ಅದು ಸುಣ್ಣಕಲ್ಲು, ಒಂದಾನೊಂದು ಕಾಲದ ಗಾಳಿ ಕಡಲ ತಳದಲ್ಲಿ ಕಲ್ಲಾಗಿ ಕೂತದ್ದು. ಮಳೆನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಹುಳಿಯಾಗುತ್ತದೆ, ಬಂಡೆಯನ್ನು ತಿನ್ನುತ್ತದೆ, ನದಿ ಅದನ್ನು ಕಡಲಿಗೆ ಒಯ್ಯುತ್ತದೆ, ಅಲ್ಲಿ ಸುಣ್ಣಕಲ್ಲಾಗಿ ಕೂರುತ್ತದೆ. ಭೂಫಲಕಗಳು ಜಾರಿ ಆ ಕಲ್ಲು ಆಳಕ್ಕೆ ಇಳಿದಾಗ ಜ್ವಾಲಾಮುಖಿಯ ಬಾಯಿಂದ ಅದೇ ಇಂಗಾಲ ಮತ್ತೆ ಗಾಳಿಗೆ. ಬಿಸಿ ಹೆಚ್ಚಿದರೆ ಮಳೆ ಹೆಚ್ಚಿ ಇಂಗಾಲ ಹೆಚ್ಚು ಇಳಿಯುತ್ತದೆ, ನೆಲ ತಣಿಯುತ್ತದೆ. ಚಳಿ ಹೆಚ್ಚಿದರೆ ಮಳೆ ನಿಂತು ಜ್ವಾಲಾಮುಖಿಯ ಉಸಿರು ಗಾಳಿಯಲ್ಲೇ ಉಳಿದು ನೆಲ ಕಾಯುತ್ತದೆ. 1981ರಲ್ಲಿ ವಾಕರ್, ಹೇಸ್ ಮತ್ತು ಕಾಸ್ಟಿಂಗ್ ಈ ತಂತ್ರವನ್ನು ಬಿಡಿಸಿ ತೋರಿಸಿದರು. ಎಳೆಯ ಸೂರ್ಯ ಈಗಿನದಕ್ಕಿಂತ ಸುಮಾರು ಶೇ 30ರಷ್ಟು ಮಂಕಾಗಿದ್ದರೂ ಭೂಮಿಯಲ್ಲಿ ನೀರು ಹರಿಯುತ್ತಿದ್ದುದಕ್ಕೆ ಇದರ ಪಾಲು ದೊಡ್ಡದು. ಶುಕ್ರ ನೀರು ಕಳೆದುಕೊಂಡ. ಮಳೆಯಿಲ್ಲ, ಆದ್ದರಿಂದ ಕಲ್ಲಾಗುವುದೂ ಇಲ್ಲ. ಇಂಗಾಲವೆಲ್ಲ ಗಾಳಿಯಲ್ಲೇ ನಿಂತಿತು. ನಾವು ಫರಶಿ ಹಾಸಿ ತಂಪಾಗಿ ಮಲಗುವುದು ಅವನಿಗೆ ದಕ್ಕದ ಭಾಗ್ಯದ ಮೇಲೆ. (ಅದೇ ಕಲಬುರಗಿ ಜಿಲ್ಲೆಯ ಸಿಮೆಂಟ್ ಕಾರ್ಖಾನೆಗಳು ಸುಣ್ಣಕಲ್ಲು ಸುಟ್ಟು ಅದೇ ಇಂಗಾಲವನ್ನು ಮರಳಿ ಗಾಳಿಗೆ ಬಿಡುತ್ತಿವೆ ಎಂಬುದು ಬೇರೆ ದಿನದ ಸಂಪಾದಕೀಯ.)

ಮಂಗಳನದು ಬಡತನದ ಕತೆ. ತೂಕದಲ್ಲಿ ಭೂಮಿಯ ಹತ್ತನೇ ಒಂದು ಪಾಲು. ಸಣ್ಣ ಪಾತ್ರೆ ಬೇಗ ಆರುತ್ತದೆ. ಒಡಲು ತಣಿದು ಕಾಂತಕ್ಷೇತ್ರ ಸತ್ತಿತು, ಸೂರ್ಯನ ಗಾಳಿ ವಾಯುಮಂಡಲವನ್ನು ಕೆರೆದು ಒಯ್ದಿತು. ಈಗಲೂ ಒಯ್ಯುತ್ತಿದೆ ಎಂಬುದನ್ನು 2014ರಿಂದ ಮಾವೆನ್ ನೌಕೆ ಅಳೆದಿದೆ. ನದಿ ಹರಿದ ಜಾಡುಗಳು ಮಾತ್ರ ಹಾಗೇ ಉಳಿದಿವೆ.

ನೀರಿನ ಅಳತೆಯೂ ಬೆಪ್ಪಾಗಿಸುವಂಥದು. ಭೂಮಿಯ ತೂಕ ಒಂದು ಕ್ವಿಂಟಾಲ್ ಎಂದುಕೊಂಡರೆ ಸಾಗರಗಳೆಲ್ಲ ಸೇರಿ ಎರಡು ತೊಲ. ಹತ್ತು ಪಟ್ಟು ಹೆಚ್ಚಿದ್ದರೆ ನೆಲವೆಲ್ಲ ಮುಳುಗಿ ಮಳೆಗೆ ತಿನ್ನಲು ಬಂಡೆಯೇ ಸಿಗುತ್ತಿರಲಿಲ್ಲ; ತೀರ ಕಡಿಮೆಯಾಗಿದ್ದರೆ ಮಳೆಯೇ ಇಲ್ಲ. ಆ ಎರಡು ತೊಲ ಎಲ್ಲಿಂದ ಬಂತು ಎಂಬ ಚರ್ಚೆ ಮುಗಿದಿಲ್ಲ. ಧೂಮಕೇತುಗಳೇ ಹೊತ್ತು ತಂದವು ಎಂದು ಬಹುಕಾಲ ಹೇಳುತ್ತಿದ್ದೆವು. 2014ರಲ್ಲಿ ರೊಸೆಟ್ಟಾ ನೌಕೆ ತಲುಪಿದ ಧೂಮಕೇತುವಿನ ನೀರಿನಲ್ಲಿ ಭಾರ ಜಲಜನಕ ನಮ್ಮ ಕಡಲಿನ ಮೂರು ಪಟ್ಟು ಕಂಡಮೇಲೆ ದೃಷ್ಟಿ ಕ್ಷುದ್ರಗ್ರಹಗಳ ಕಡೆ ತಿರುಗಿದೆ.

ಬೇಕಾದ ದಿನಸಿಗೆ ಬರವಿಲ್ಲ. ಬೆನ್ನು ಕ್ಷುದ್ರಗ್ರಹದಿಂದ 2023ರಲ್ಲಿ ತಂದ ಮಣ್ಣಿನಲ್ಲಿ ಜೀವಿಗಳು ಬಳಸುವ 20 ಅಮೈನೊ ಆಮ್ಲಗಳ ಪೈಕಿ 14, ಡಿಎನ್‌ಎ ಆರ್‌ಎನ್‌ಎಗಳ ಐದೂ ಪ್ರತ್ಯಾಮ್ಲಗಳು ಸಿಕ್ಕಿವೆ ಎಂದು 2025ರ ಜನವರಿಯಲ್ಲಿ ವರದಿಯಾಯಿತು. ಶನಿಯ ಪುಟ್ಟ ಚಂದ್ರ ಎನ್ಸೆಲಾಡಸ್ ವಾಸಯೋಗ್ಯ ವಲಯದ ಬೇಲಿಯಿಂದ ಬಹಳ ಆಚೆ ಇದ್ದರೂ ಹಿಮದಡಿಯ ಕಡಲಿನಿಂದ ಬುಗ್ಗೆ ಚಿಮ್ಮಿಸುತ್ತಿದೆ. ಅದರಲ್ಲಿ ರಂಜಕವೂ ಇದೆ. ದಿನಸಿ ಎಲ್ಲೆಡೆ ಇದೆ. ಒಲೆಯನ್ನು ಉರಿದುಹೋಗದಂತೆ, ಆರಿಹೋಗದಂತೆ ನಾನೂರು ಕೋಟಿ ವರ್ಷ ಕಾಯುವುದು ಎಲ್ಲರ ಕೈಲಿ ಆಗುವ ಕೆಲಸವಲ್ಲ.

ಟ್ರಾಪಿಸ್ಟ್-1 ಅದಕ್ಕೆ ಪರೀಕ್ಷೆ. ನಲವತ್ತು ಜ್ಯೋತಿರ್ವರ್ಷ ದೂರದ ಈ ಕುಳ್ಳ ಕೆಂಪು ನಕ್ಷತ್ರದ ಸುತ್ತ 2016ರಲ್ಲಿ ಮೂರು ಗ್ರಹ ಸಿಕ್ಕಾಗ ದೃಢೀಕರಿಸಿದ ದೂರದರ್ಶಕಗಳಲ್ಲಿ ಲಡಾಖಿನ ಹಾನ್ಲೆಯ ಹಿಮಾಲಯನ್ ಚಂದ್ರ ದೂರದರ್ಶಕವೂ ಒಂದು. ಅದನ್ನು ನಡೆಸುವವರು ಕೂರುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ. 2017ಕ್ಕೆ ಲೆಕ್ಕ ಏಳಾಯಿತು, ಅವುಗಳಲ್ಲಿ ಕೆಲವು ಸರಿಯಾದ ವಿಳಾಸದವು. 2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಒಳಗಿನ ಎರಡನ್ನು ಅಳೆಯಿತು. ಮೊದಲನೆಯದಕ್ಕೆ ಹೇಳಿಕೊಳ್ಳುವಂಥ ಗಾಳಿಯಿಲ್ಲ, ಎರಡನೆಯದಕ್ಕೆ ದಟ್ಟ ಗಾಳಿಯಿಲ್ಲ. ಇಂಥ ಕೆಂಪು ನಕ್ಷತ್ರಗಳೇ ನಮ್ಮ ಆಕಾಶಗಂಗೆಯಲ್ಲಿ ನಾಲ್ಕಕ್ಕೆ ಮೂರು. ಎಳವೆಯಲ್ಲಿ ಅವು ಸಿಡುಕು. ಜ್ವಾಲೆ ಉಗುಳಿ ಮಕ್ಕಳ ಮೈಮೇಲಿನ ಬಟ್ಟೆ ಸುಡುತ್ತವೆ. ಹೊರಗಿನ ಗ್ರಹಗಳು ಬಚಾವಾಗಿವೆಯೇ ಎಂದು ವೆಬ್ ಇನ್ನೂ ನೋಡುತ್ತಿದೆ.

ಇಷ್ಟೆಲ್ಲ ಹೇಳಿ ನಮ್ಮದೇ ವೃತ್ತಿಯ ಖಾತೆ ಬಿಟ್ಟರೆ ಲೆಕ್ಕ ನ್ಯಾಯದ್ದಾಗುವುದಿಲ್ಲ. ಈ ಮೂವತ್ತು ವರ್ಷಗಳಲ್ಲಿ ಪತ್ರಿಕೆಗಳು ಅದೆಷ್ಟು ‘ಎರಡನೇ ಭೂಮಿ’ಗಳನ್ನು ಹೆರಿಸಿವೆಯೋ. 2010ರಲ್ಲಿ ಗ್ಲೀಸ 581 ಜಿ ಎಂಬ ಗ್ರಹ ಘೋಷಣೆಯಾದಾಗ ತಂಡದ ಮುಂದಾಳೊಬ್ಬರು ಅಲ್ಲಿ ಜೀವವಿರುವ ಸಾಧ್ಯತೆ ತಮ್ಮ ಮಟ್ಟಿಗೆ ನೂರಕ್ಕೆ ನೂರು ಎಂದರು. ಎರಡು ವಾರದೊಳಗೆ ಜಿನೀವಾದ ತಂಡ ತಮ್ಮ ಅಳತೆಯಲ್ಲಿ ಅದು ಕಾಣುತ್ತಿಲ್ಲ ಎಂದಿತು. 2014ರ ವಿಶ್ಲೇಷಣೆ ಅದನ್ನು ನಕ್ಷತ್ರದ ಮೈಮೇಲಿನ ಕಲೆಗಳ ಆಟ ಎಂದು ತೋರಿಸಿತು. ಘೋಷಣೆ ಮುಖಪುಟದಲ್ಲಿ ಬಂತು, ತಿದ್ದುಪಡಿ ಎಲ್ಲಿ ಬಂತೆಂದು ಹುಡುಕಬೇಕು.

2025ರ ಏಪ್ರಿಲಿನಲ್ಲಿ ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ತಂಡ ಕೆ2-18ಬಿ ಎಂಬ, 124 ಜ್ಯೋತಿರ್ವರ್ಷ ದೂರದ ಗ್ರಹದ ಗಾಳಿಯಲ್ಲಿ ಡೈಮೀಥೈಲ್ ಸಲ್ಫೈಡ್ ಸುಳಿವಿದೆ ಎಂದಿತು. ಭೂಮಿಯಲ್ಲಿ ಅದನ್ನು ಬಿಡುವುದು ಮುಖ್ಯವಾಗಿ ಕಡಲಿನ ಸೂಕ್ಷ್ಮ ಸಸ್ಯಗಳು. ತಂಡ ಹೇಳಿದ ಖಾತ್ರಿ, ಇದು ಕಾಕತಾಳೀಯವಾಗಿರುವ ಸಾಧ್ಯತೆ ಶೇ 0.3 ಎಂಬಷ್ಟು; ಶೋಧ ಎನ್ನಲು ಬೇಕಾದದ್ದು ಅದಕ್ಕಿಂತ ಸಾವಿರಾರು ಪಟ್ಟು ಬಿಗಿ. ಅದೇ ದತ್ತಾಂಶವನ್ನು ಮತ್ತೆ ಜಾಲಾಡಿದ ಬೇರೆ ತಂಡಗಳಿಗೆ ಗಟ್ಟಿ ಗುರುತು ಕಾಣಲಿಲ್ಲ. ಅದೇ ಅನಿಲ ಜೀವವಿಲ್ಲದ ಧೂಮಕೇತುವಿನಲ್ಲೂ ಇದೆ ಎಂದು ಹಿಂದಿನ ವರ್ಷವೇ ವರದಿಯಾಗಿತ್ತು. ಮಧುಸೂದನ್ ಭಾರತದಲ್ಲಿ ಓದಿ ಬೆಳೆದವರೆಂಬ ಅಭಿಮಾನದಲ್ಲಿ ನಮ್ಮ ಮಾಧ್ಯಮಗಳು ‘ಸುಳಿವು’ ಎಂಬ ಪದವನ್ನು ತಲೆಬರಹದಿಂದ ಕೈಬಿಟ್ಟದ್ದು ಅವರಿಗೂ ಮಾಡಿದ ಉಪಕಾರವೇನಲ್ಲ. ಅಟ್ಲಾಂಟಾದ ವೇದಿಕೆಯ ಲೈನ್ ಅವರನ್ನು ನೆನೆದದ್ದು ಇದಕ್ಕೇ.

ಈಗ ಖಾತೆಯ ಆ ಖಾಲಿ ಸಾಲು. ಸೂರ್ಯನಂಥ ನಕ್ಷತ್ರ, ಭೂಮಿಯಷ್ಟೇ ಗಾತ್ರ, ಒಂದು ವರ್ಷದ ಸುತ್ತು: ಈ ಮೂರೂ ಕೂಡಿದ ಗ್ರಹ ಆರು ಸಾವಿರದಲ್ಲಿ ಒಂದೂ ಅನುಮಾನಕ್ಕೆಡೆಯಿಲ್ಲದಂತೆ ಕೈಗೆ ಸಿಕ್ಕಿಲ್ಲ. ಇಲ್ಲವೆಂದಲ್ಲ, ಹಿಡಿಯುವುದು ಕಷ್ಟ. ದೂರದಿಂದ ನೋಡುವವರಿಗೆ ಭೂಮಿ ಸೂರ್ಯನ ಮುಂದೆ ಹಾದರೆ ಬೆಳಕು ಕುಂದುವುದು ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ, ಅದೂ ವರ್ಷಕ್ಕೊಮ್ಮೆ, ಅರ್ಧ ದಿನ. ಕಕ್ಷೆ ಓರೆಯಾಗಿದ್ದರೆ ಅದೂ ಇಲ್ಲ. ಇಂಥ ಇನ್ನೂರು ಗ್ರಹಗಳಲ್ಲಿ ಒಂದರ ನೆರಳು ನಮ್ಮ ಕಡೆ ಬಿದ್ದೀತು. ಕೆಪ್ಲರ್ ಇದಕ್ಕೆಂದೇ ಹೋಗಿತ್ತು. ನಕ್ಷತ್ರಗಳು ಎಣಿಸಿದ್ದಕ್ಕಿಂತ ಹೆಚ್ಚು ಮಿಣುಕಿದವು, 2013ರ ಮೇನಲ್ಲಿ ಅದನ್ನು ನೆಟ್ಟಗೆ ಹಿಡಿದಿದ್ದ ಚಕ್ರಗಳಲ್ಲಿ ಎರಡನೆಯದೂ ಕೆಟ್ಟಿತು.

ಮುಂದಿನ ಸರದಿ ಯುರೋಪಿನ ಪ್ಲೇಟೊ ನೌಕೆಯದು. 26 ಕ್ಯಾಮೆರಾ ಹೊತ್ತು ಹಾರಲು ಅಣಿಯಾಗುತ್ತಿದೆ. ಅದು ಪ್ರಖರ ಸೂರ್ಯರನ್ನೇ ಆರಿಸಿ ವರ್ಷಗಟ್ಟಲೆ ಕಣ್ಣು ಮಿಟುಕಿಸದೆ ನೋಡಬೇಕು. ಒಂದು ನೆರಳು ಬಿದ್ದರೆ ಕಡತದಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಮುಂದಿನ ವರ್ಷ ಅದೇ ಹೊತ್ತಿಗೆ ಎರಡನೆಯದು ಬಿದ್ದರೆ ಗುರುತಿನ ಪಕ್ಕ ಇನ್ನೊಂದು ಗುರುತು. ಮೂರನೆಯ ವರ್ಷದ ನೆರಳು ಬೀಳುವವರೆಗೆ ಯಾರೂ ಬಾಯಿ ಬಿಡುವಂತಿಲ್ಲ. ಅಷ್ಟರಲ್ಲಿ ಇಲ್ಲಿ ಇನ್ನೆರಡು ಭೂಮಿ ಹುಣ್ಣಿಮೆ ಕಳೆದಿರುತ್ತವೆ.